ಹೆಬ್ಬೆಟ್ಟಿನ ಹಾದಿ

ಮೂಡಲಗಿಯ ನಮ್ಮ ಮನೆಯ ಕಪಾಟಿನ ಮೇಲೆ ಮೂರು ಕೌದಿಗಳು ಅರ್ಧಂಬರ್ಧ ಹೊಲಿದು ಬಿದ್ದಿವೆ. ಮೂರೂ ನನ್ನವೇ. ಒಂದರ ಅಂಚು ಮುಗಿದಿದೆ. ಇನ್ನೊಂದಕ್ಕೆ ತೇಪೆ ಜೋಡಿಸಿ ಕಚ್ಚಾ ಹೊಲಿಗೆ ಹಾಕಿದ್ದಷ್ಟೇ. ಮೂರನೆಯದು ಇನ್ನೂ ಗಂಟಿನಲ್ಲೇ ಇದೆ, ಅದನ್ನು ಕೌದಿ ಅನ್ನುವುದು ನನ್ನ ದೊಡ್ಡ ಮನಸ್ಸು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತಳಾದ ಮರುವಾರವೇ ನಾನು ಈ ಕೆಲಸಕ್ಕೆ ಕೈ ಹಾಕಿದೆ. ಫೋನಿನಲ್ಲಿ ನಮೂನೆ ನೋಡಿ, ಗ್ರಾಫ್ ಹಾಳೆಯ ಮೇಲೆ ಚೌಕ ಬಿಡಿಸಿ, ಪಟ್ಟಿ ಇಟ್ಟು ಅಳೆದು ಬಟ್ಟೆ ಕತ್ತರಿಸುತ್ತಿದ್ದೆ. ಒಂದು ಚೌಕ ಎರಡು ನೂಲಿನಷ್ಟು ಹೆಚ್ಚಾದರೂ ಬಿಚ್ಚುತ್ತಿದ್ದೆ. ಹಾಗಾಗಿ ನನ್ನ ಕೌದಿಗಳು ಮುಂದೆ ಹೋದದ್ದಕ್ಕಿಂತ ಹಿಂದೆ ಬಂದದ್ದೇ ಹೆಚ್ಚು.

ನಮ್ಮ ಅತ್ತೆಗೆ ಇದೊಂದು ಪುಕ್ಕಟೆ ಮನರಂಜನೆ. ಸಂಜೆ ನಾನು ಕತ್ತರಿ, ಪಟ್ಟಿ ಎತ್ತಿಡುವ ಹೊತ್ತಿಗೆ ಸರಿಯಾಗಿ, ಟೀಚರನ್ನು ಕರೆಯುವ ಶಾಲೆಯ ಮಕ್ಕಳ ದನಿಯಲ್ಲಿ ಕೇಳುತ್ತಿದ್ದರು: “ಏನ್ರಿ ಅಕ್ಕೋರ, ಇವತ್ತರ ಕೌದಿ ಪಾಸಾತೋ, ಮತ್ತ ನಪಾಸೋ?”

ಅತ್ತೆಗೆ ಎಂಬತ್ತು ದಾಟಿದೆ. ಮಸಗುಪ್ಪಿಯಲ್ಲಿ ಹುಟ್ಟಿ, ಹದಿನಾರಕ್ಕೆ ಈ ಮನೆಗೆ ಬಂದವರು. ನಮ್ಮ ಓಣಿಯ ಅರ್ಧ ಮಕ್ಕಳು ಮೊದಲ ಸಲ ಮಗ್ಗಲು ಬದಲಿಸಿದ್ದು ಅವರು ಹೊಲಿದ ಕೌದಿಯ ಮೇಲೆ. ಆದರೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅಂಥವರಿಗೆ ನಮ್ಮಲ್ಲಿ ಒಂದೇ ಮಾತಿನ ಹೆಸರಿದೆ: ಹೆಬ್ಬೆಟ್ಟು. ಅಂದರೆ ಸಹಿ ಮಾಡಲು ಬಾರದವಳು, ಮಸಿ ಹಚ್ಚಿ ಬೆರಳು ಒತ್ತುವವಳು. ನಾನು ಕೌಜಲಗಿಯಿಂದ ಮದುವೆಯಾಗಿ ಬಂದ ಹೊಸತರಲ್ಲಿ, ಬಿ.ಎಡ್. ಮುಗಿಸಿದ ಹುರುಪಿನಲ್ಲಿ, ಅತ್ತೆಗೆ ಸಹಿ ಕಲಿಸಿಯೇ ತೀರುತ್ತೇನೆಂದು ಪಾಟಿ ಹಿಡಿದು ಕೂತಿದ್ದೆ. ಎರಡು ದಿನ ಸುಮ್ಮನೆ ತಿದ್ದಿದರು. ಮೂರನೆಯ ದಿನ ಪಾಟಿಯನ್ನು ನನ್ನ ಮಡಿಲಿಗಿಟ್ಟು, “ಬರಿಯೂ ಮಂದಿ ಭಾಳ ಆಗ್ಯಾರವಾ. ಹೊಲಿಯಾಕರ ಒಬ್ರು ಬೇಕಲ್ಲ?” ಅಂದು ಸೂಜಿ ಕೈಗೆತ್ತಿಕೊಂಡರು. ನಾನು ಮೇಲೆ ನಕ್ಕೆ. ಒಳಗೆ ಮಾತ್ರ, ಪಾಪ, ಹೆಬ್ಬೆಟ್ಟು ಅಂದುಕೊಂಡೆ. ಆ ‘ಪಾಪ’ವನ್ನು ಅಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದೆ ಎಂದು ಈಗ ಬರೆಯಲು ನಾಚಿಕೆಯಾಗುತ್ತದೆ.

ಕಳೆದ ದಸರೆಯ ವಾರದಲ್ಲಿ ಎರಡು ಸುದ್ದಿ ಒಟ್ಟಿಗೇ ಬಂದವು. ಮೊದಲನೆಯದು ಯಮಕನಮರಡಿಯಲ್ಲಿರುವ ನನ್ನ ಮಗಳದು. ಮೂರು ತಿಂಗಳು ತುಂಬಿದೆ ಎಂದು ಫೋನ್ ಮಾಡಿದಳು. ನನಗೆ ಹೇಳಿದ್ದು ಅರ್ಧ ನಿಮಿಷ, ಅಜ್ಜಿಯ ಜೊತೆ ಮಾತಾಡಿದ್ದು ಅರ್ಧ ಗಂಟೆ.

“ಆಯಿ, ಅಂಗಡಿ ರಜಾಯಿ ಇಲ್ಲೆ ಹೈವೇ ಮ್ಯಾಲ ಮೂಟಿಗಟ್ಟಲೆ ಬರತಾವ. ನನ್ನ ಕೂಸಿಗೆ ನಿನ್ನ ಕೈಯಿಂದ ಹೊಲದ ಕೌದಿನ ಬೇಕು.”

“ಆತ ತಗೋ,” ಅಂದರು ಅತ್ತೆ. “ಕೂಸ ಬರೂದ್ರಾಗ ಕೌದಿ ಬರತೈತಿ.”

ಎರಡನೆಯ ಸುದ್ದಿ ಗೋಕಾಕದ ಕಣ್ಣಿನ ಡಾಕ್ಟರದು. ಅತ್ತೆ ಕೆಲವು ದಿನಗಳಿಂದ ಹೊಸ್ತಿಲಲ್ಲಿ ಎಡವುತ್ತಿದ್ದರು. ಮೋತಿಬಿಂದು ಇರಬೇಕು, ಪೊರೆ ತೆಗೆಸಿದರಾಯಿತು ಎಂದು ಧೈರ್ಯವಾಗಿ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಬಹಳ ಹೊತ್ತು ನೋಡಿ, ಇದು ಮೋತಿಬಿಂದು ಅಲ್ಲ, ಕಾಚಬಿಂದು ಎಂದರು. ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದನ್ನು ಔಷಧಿಯಿಂದ ಹಿಡಿದಿಡಲು ಪ್ರಯತ್ನಿಸಬಹುದು, ಆದರೆ ತಡವಾಗಿ ಬಂದಿದ್ದೀರಿ ಎಂದರು. ನಾನು ಏನೇನೋ ಪ್ರಶ್ನೆ ಕೇಳಿದೆ. ಅತ್ತೆ ಒಂದೂ ಕೇಳಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಮೂಡಲಗಿ ಹತ್ತಿರ ಬಂದಾಗ ನನ್ನ ಮೊಣಕೈ ಮುಟ್ಟಿ, “ನಾಳಿ ಸೀರಿ ಹಾಸೂಣು,” ಅಂದರು. ಕಣ್ಣಿನ ವಿಷಯವಾಗಿ ಅಂದು ಅವರು ಆಡಿದ್ದು ಅದೊಂದೇ ಮಾತು.

ಅಂದಿನಿಂದ ನಮ್ಮ ಪಡಸಾಲೆಯಲ್ಲಿ ಒಂದು ಓಟ ಶುರುವಾಯಿತು. ಒಂದು ಕಡೆ ಕೌದಿ, ಇನ್ನೊಂದು ಕಡೆ ಕಣ್ಣು.

ಮರುದಿನವೇ ಕೆಳಗೆ ನನ್ನದೊಂದು ಹಳೆಯ ಸೀರೆ ಹಾಸಿದೆವು. ಅದರ ಮೇಲೆ ಮೆತ್ತಗಾದ ಧೋತರ, ಹರಿದ ಸೀರೆ ಪದರ ಪದರವಾಗಿ ಬಿದ್ದವು. ಅತ್ತೆ ಮೊಣಕಾಲೂರಿ ಅಂಗೈಯಿಂದ ಸುಕ್ಕು ತೀಡುತ್ತ ಸುತ್ತಲೂ ಹೋದರು. ಮೇಲೆ ತೇಪೆಗಳು: ಖಣದ ತುಂಡು, ಇಳಕಲ್ಲ ಸೀರೆಯ ಸೆರಗು, ಮಾವನವರ ಅಂಗಿ, ಮಗಳ ಶಾಲೆಯ ಲಂಗ. ನಾನು ಪಟ್ಟಿ ತಂದೆ. “ಅದನ್ನ ಅತ್ಲಾಗ ಇಡ,” ಅಂದರು. ಬೆರಳು, ಗೇಣು, ಮೊಳ, ಅವರ ಅಳತೆಯೆಲ್ಲ ಮೈಯಲ್ಲೇ ಇತ್ತು. ಆಮೇಲೆ ನನಗೊಂದು ಕರಾರು ಹಾಕಿದರು.

“ನೀ ಸೂಜಿಗೆ ದಾರ ಪೋಣಿಸಿ ಕೊಡಬೇಕು. ಅಷ್ಟ. ಒಂದ ಟಾಕೀನೂ ಹಾಕಬಾರದು. ಕೂಸಿಗೆ ನನ್ನ ಕೈಯಿಂದ ಅಂತ ಮಾತ ಕೊಟ್ಟೇನಿ.”

ಟಾಕಿ ಅಂದರೆ ಒಂದೊಂದು ಹೊಲಿಗೆ. ಅತ್ತೆ ಹೊಲಿಯುವುದು ಹೊರಗಿನಿಂದ ಒಳಗೆ. ಅಂಚಿನಲ್ಲಿ ಶುರು ಮಾಡಿ ನಾಲ್ಕೂ ಬದಿ ಸುತ್ತಿ ಬಂದರೆ ಒಂದು ಸುತ್ತು, ಅದರ ಒಳಗೆ ಹೆಬ್ಬೆರಳಿನ ಅಗಲ ಬಿಟ್ಟು ಇನ್ನೊಂದು ಸುತ್ತು. ಹೀಗೆ ಸುತ್ತುತ್ತ ಸುತ್ತುತ್ತ ನಡುವೆ ಒಂದು ತೇಪೆಯಷ್ಟು ಜಾಗ ಉಳಿಯುತ್ತದೆ. ಅದು ಕೌದಿಯ ಹೊಟ್ಟೆ. ಅದನ್ನು ಮುಚ್ಚುವ ಮೊದಲು ಒಳಗೆ ಒಂದು ಚೂರು ಒಣಗಿದ ಕಟಕ ರೊಟ್ಟಿ, ಒಂದು ಚೂರು ಬೆಲ್ಲ ಇಡಬೇಕು. ನನ್ನ ಮೊದಲ ಕೌದಿ ಶುರುವಾದಾಗಲೇ ಈ ಮಾತು ಬಂದಿತ್ತು. ಇರುವೆ ಬರುತ್ತವೆ ಎಂದು ನಾನು ವಾದಿಸಿದ್ದೆ. ಅತ್ತೆ, “ಹಸದ ಕೌದಿ ಮಲಗಿದವರ ನಿದ್ದಿ ತಿಂತೈತಿ. ಇರವಿ ಕಡದ್ರ ಕೊಡವಬಹುದು, ಹಸದದ್ದನ್ನ ಏನ್ ಮಾಡ್ತಿ?” ಅಂದಿದ್ದರು.

ಬೆಳಿಗ್ಗೆ ಸ್ನಾನ ಮಾಡಿ, ಅಂಗೈ ಮೇಲೆ ಲಿಂಗವಿಟ್ಟು ಪೂಜೆ ಮುಗಿಸಿ, ಒಂದು ಕಪ್ಪು ಚಹಾ ಕುಡಿದು ಅತ್ತೆ ಕೂರುತ್ತಿದ್ದರು. ಒಂದು ಕಾಲು ಚಾಚಿ, ಇನ್ನೊಂದನ್ನು ಮಡಿಚಿ, ಕೌದಿಯನ್ನು ತೊಡೆಯ ಮೇಲೆ ಎಳೆದುಕೊಳ್ಳುತ್ತಿದ್ದರು. ನಾನು ಆರೇಳು ಸೂಜಿಗಳಿಗೆ ದಾರ ಪೋಣಿಸಿ ಹಳೆಯ ದಿಂಬಿಗೆ ಚುಚ್ಚಿಡುತ್ತಿದ್ದೆ. ಸಂಜೆ ಮಗಳ ಫೋನು: “ಆಯಿ, ಇವತ್ತ ಎಷ್ಟ ಸುತ್ತ?” ಅತ್ತೆ ಹೇಳುವರು: “ಮುಕ್ಕಾಲ ಸುತ್ತ ಆಗೈತಿ. ನಿನ್ನ ಕೂಸ ಎಷ್ಟ ಆಗೈತಿ?” ಇಬ್ಬರೂ ನಗುವರು. ಚಟ್ಟಿ ಹಬ್ಬ ಕಳೆಯುವ ಹೊತ್ತಿಗೆ ಕೌದಿ ಅರ್ಧ ದಾರಿ ದಾಟಿತ್ತು. ನನ್ನ ಕಪಾಟಿನ ಮೇಲಿನ ಮೂರು ಮಾತ್ರ ಇದ್ದಲ್ಲೇ ಇದ್ದವು.

ಆ ನಡುವೆ ಒಮ್ಮೆ ರೇಷನ್ ಅಂಗಡಿಗೆ ಹೋಗಿದ್ದೆವು. ಅಲ್ಲಿ ಯಂತ್ರದ ಮೇಲೆ ಬೆರಳು ಒತ್ತಬೇಕು. ಅತ್ತೆ ಒತ್ತಿದರು, ಕೆಂಪು ದೀಪ ಬಂತು. ಸೆರಗಿನಿಂದ ಒರೆಸಿ ಮತ್ತೆ ಒತ್ತಿದರು, ಮತ್ತೆ ಕೆಂಪು. ಹತ್ತೂ ಬೆರಳು ಆದವು. ಅಂಗಡಿಯವರು ಪಾಪ ಒಳ್ಳೆಯವರು, ಅತ್ತೆಯ ಹೆಬ್ಬೆರಳನ್ನು ಬೆಳಕಿಗೆ ಹಿಡಿದು ನೋಡಿ, “ಆಯಿ, ನಿಮ್ಮ ಹೆಬ್ಬೆಟ್ಟಿನಾಗ ಗೆರಿನ ಉಳದಿಲ್ರಿ. ಪೂರಾ ಸವದೈತಿ,” ಅಂದರು. ಕೊನೆಗೆ ನನ್ನ ಬೆರಳು ಒತ್ತಿ ಅಕ್ಕಿ ತಂದೆವು. ದಾರಿಯಲ್ಲಿ ಅತ್ತೆ ನಗುತ್ತಲೇ ಇದ್ದರು. “ನೋಡ ಯವ್ವಾ, ಜೀವನಪೂರ್ತಿ ಮಂದಿ ನಂಗ ಹೆಬ್ಬೆಟ್ಟು ಅಂದ್ರು. ಈಗ ಅದೂ ಇಲ್ಲಂತ.” ನನಗೆ ನಗು ಬರಲಿಲ್ಲ, ಆದರೂ ನಕ್ಕೆ.

ಈಗ ನನ್ನ ತಪ್ಪಿನ ಕಥೆಗೆ ಬರುತ್ತೇನೆ.

ಸಂಕ್ರಾಂತಿಯ ಆಸುಪಾಸಿನಲ್ಲಿ ಅತ್ತೆಯ ಸುತ್ತುಗಳು ಹಾದಿ ತಪ್ಪತೊಡಗಿದವು. ಹೊರಗಿನ ಸುತ್ತುಗಳು ನೆಟ್ಟಗಿದ್ದವು, ಮೂಲೆಗಳು ಮೂಲೆಯಂತೆಯೇ ಇದ್ದವು. ಒಳಗೆ ಬಂದ ಹಾಗೆ ಮೂಲೆಗಳು ಮೊಂಡಾದವು, ಆಮೇಲೆ ದುಂಡಗಾದವು. ಗೆರೆಗಳು ಒಂದೆಡೆ ಉಬ್ಬಿ ಇನ್ನೊಂದೆಡೆ ತಗ್ಗಿದವು. ಟಾಕಿಗಳೂ ದಪ್ಪ ದಪ್ಪ, ಅಕ್ಕಿಕಾಳಿನಷ್ಟು ಎದ್ದು ಕಾಣುತ್ತಿದ್ದವು. ನನಗೆ ಇದನ್ನು ನೋಡುವುದೇ ಕಷ್ಟ. ಮಕ್ಕಳ ನೋಟುಪುಸ್ತಕದಲ್ಲಿ ವಕ್ರ ಗೆರೆ ಕಂಡರೆ ಕೆಂಪು ಪೆನ್ನು ಹುಡುಕಿದ ಕೈ ಇದು. ಜೊತೆಗೆ ಬೀಗರ ಮನೆ ಬೇರೆ. ಯಮಕನಮರಡಿಯವರು ಕೌದಿ ಬಿಚ್ಚಿ ನೋಡಿ, ಮುದುಕಿಗೆ ವಯಸ್ಸಾಯಿತು ಅಂದುಬಿಟ್ಟರೆ? ಅತ್ತೆಯ ಮರ್ಯಾದೆ ಉಳಿಸುತ್ತಿದ್ದೇನೆ ಎಂದೇ ನಾನು ನಂಬಿಕೊಂಡೆ. ಒಳ್ಳೆಯ ಉದ್ದೇಶಕ್ಕೆ ಕಣ್ಣು ಸ್ವಲ್ಪ ಕಡಿಮೆಯೇ.

ಒಂದು ಮಧ್ಯಾಹ್ನ ಅತ್ತೆ ಊಟ ಮಾಡಿ ಮಲಗಿದಾಗ ಕೌದಿಯನ್ನು ಬೆಳಕಿಗೆಳೆದುಕೊಂಡೆ. ಒಂದು ಬದಿಯಲ್ಲಿ, ಕೊನೆಯ ಎರಡು ಸುತ್ತುಗಳನ್ನು ಮೊಳದುದ್ದ ಬಿಚ್ಚಿದೆ. ಪಟ್ಟಿ ಇಟ್ಟು ಸೀಮೆಸುಣ್ಣದ ಗೆರೆ ಎಳೆದೆ. ಅದರ ಮೇಲೆ ಸಣ್ಣಗೆ, ಬಿಗಿಯಾಗಿ, ಯಂತ್ರದಲ್ಲಿ ಹಾಕಿದ ಹಾಗೆ ಟಾಕಿ ಹಾಕಿದೆ. ಎರಡು ತಾಸು ಹಿಡಿಯಿತು. ಸೂಜಿ ಚುಚ್ಚಿದ್ದೇ ಗೊತ್ತಾಗದಷ್ಟು ನುಣುಪಾಗಿತ್ತು. ಆ ಬದಿಯನ್ನಷ್ಟೇ ಎತ್ತಿ ಹಿಡಿದು ನೋಡಿ ಬಹಳ ಸಮಾಧಾನಪಟ್ಟೆ.

ಮರುದಿನ ಬೆಳಿಗ್ಗೆ ಅತ್ತೆ ಎಂದಿನಂತೆ ಕೂತರು. ನಾನು ಅಡುಗೆಮನೆಯ ಬಾಗಿಲಲ್ಲಿ ರೊಟ್ಟಿ ಹಿಟ್ಟು ನಾದುತ್ತಿದ್ದೆ. ಅವರು ಎಡಗೈಯ ಹೆಬ್ಬೆರಳನ್ನು ನಿನ್ನೆಯ ಸುತ್ತಿನ ಮೇಲಿಟ್ಟು, ಬಲಗೈಯಿಂದ ಸೂಜಿ ಇಳಿಸಿದರು. ಹೆಬ್ಬೆರಳು ಮುಂದೆ ಸರಿಯಿತು, ಸೂಜಿ ಅದರ ಹಿಂದೆಯೇ ಬಂತು. ಸರಿಯಿತು, ಬಂತು. ನಾನು ತಿದ್ದಿದ ಜಾಗ ಬಂದಾಗ ಹೆಬ್ಬೆರಳು ನಿಂತಿತು. ಹಿಂದೆ ಹೋಯಿತು, ಮತ್ತೆ ಮುಂದೆ ಬಂತು, ಆಚೆ ಈಚೆ ತಡವಿತು. ಅತ್ತೆಯ ಮುಖದಲ್ಲಿ ಗಾಬರಿ ಕಂಡಿತು. ಇಷ್ಟು ವರ್ಷದಲ್ಲಿ ನಾನು ಆ ಮುಖದಲ್ಲಿ ಗಾಬರಿ ನೋಡಿರಲಿಲ್ಲ.

“ಇಲ್ಲಿ ಯಾರ ಕುಂತಿದ್ರು?” ಅಂದರು.

ನಾನು ಹಿಟ್ಟು ನಾದುತ್ತಲೇ ಇದ್ದೆ.

“ನನ್ನ ಹಾದಿ ಎಲ್ಲಿ ಹ್ವಾತು?”

“ಯಾವ ಹಾದಿರಿ, ಅತ್ತಿ?”

“ನಿನ್ನಿ ಇಲ್ಲೆ ಬಿಟ್ಟಿದ್ದೆ. ಇಲ್ಲೆ ಏನೂ ಹತ್ತವಲ್ದು ಕೈಗೆ. ಬರೇ ಬಟ್ಟಿ ಐತಿ.”

ಎರಡು ಸಾಲು ಬಿಳಿ ದಾರ, ಕೆಂಪು ಖಣದ ಮೇಲೆ, ಅವರ ಮೂಗಿನ ಕೆಳಗೇ ಇತ್ತು. ಕಿಟಕಿಯ ಬಿಸಿಲು ಅದರ ಮೇಲೆಯೇ ಬಿದ್ದಿತ್ತು. ನಾನು ಹಿಟ್ಟಿನ ಕೈಯಲ್ಲೇ ಹೋಗಿ ಅವರ ಎದುರು ಕೂತೆ. ಅವರ ಕಣ್ಣು ನನ್ನ ಕಡೆ ತಿರುಗಿತು, ಆದರೆ ನನ್ನ ಮುಖಕ್ಕೆ ತಲುಪಲಿಲ್ಲ, ಭುಜದ ಆಚೆ ಎಲ್ಲೋ ನಿಂತಿತು.

“ಅತ್ತೀ, ನಿಮಗ ಕಾಣಸ್ತೈತೆಲ್ರಿ?”

ಅತ್ತೆ ಸೂಜಿಯನ್ನು ದಿಂಬಿಗೆ ಚುಚ್ಚಿಟ್ಟರು. ಆಮೇಲೆ ಮೆಲ್ಲಗೆ, ಕಳ್ಳತನ ಒಪ್ಪಿಕೊಳ್ಳುವವರಂತೆ ಹೇಳಿದರು: “ಎಳ್ಳಮವಾಸಿ ಮುಂದ ಮಬ್ಬಾತು. ಈಗ ಏನೂ ಇಲ್ಲ.”

ಅಂದರೆ ವಾರಗಳಿಂದ ಅತ್ತೆ ಕುರುಡರು, ಒಂದೇ ಸೂರಿನ ಕೆಳಗೆ ನನಗೆ ಗೊತ್ತಿಲ್ಲ. ಆಗ ಒಂದೊಂದೇ ನೆನಪಾಯಿತು. ಬಚ್ಚಲಿಗೆ ಹೋಗುವಾಗ ಗೋಡೆಗೆ ಬೆರಳು ತಾಗಿಸಿ ನಡೆಯುತ್ತಿದ್ದುದು. ಬಾಗಿಲಲ್ಲಿ ಯಾರು ನಿಂತರೂ “ಯಾರವಾ?” ಅನ್ನುತ್ತಿದ್ದುದು. ತಾಟಿನಲ್ಲಿ ಪಲ್ಯ ಎಲ್ಲಿದೆ ಎಂದು ಮೊದಲು ರೊಟ್ಟಿಯ ತುದಿಯಿಂದ ಹುಡುಕುತ್ತಿದ್ದುದು. ಒಂದು ದಿನ ಸೀರೆ ತಿರುವುಮುರುವು ಉಟ್ಟಿದ್ದರು. “ಏನ್ರಿ ಅತ್ತಿ, ಹೊಸ ಫ್ಯಾಶನ್ನಾ?” ಎಂದು ನಾನು ಚೇಷ್ಟೆ ಮಾಡಿದ್ದೆ, ಅವರೂ ನಕ್ಕಿದ್ದರು. ಅದನ್ನು ನೆನೆದರೆ ಈಗಲೂ ನಾಲಿಗೆ ಕಚ್ಚಿಕೊಳ್ಳುತ್ತೇನೆ.

“ಯಾಕ ಹೇಳಲಿಲ್ರಿ?”

“ಹೇಳಿದ್ರ ನೀ ಸೂಜಿ ಕಸಗೊಳ್ತಿದ್ದಿ.”

ಖರೆ. ಕಸಿದುಕೊಳ್ಳುತ್ತಿದ್ದೆ. ಚುಚ್ಚಿಕೊಳ್ಳುತ್ತೀರಿ, ಬಿಡಿ ಅತ್ತೆ, ನಾನು ಮುಗಿಸುತ್ತೇನೆ ಅನ್ನುತ್ತಿದ್ದೆ. ಅವರು ಕೊಟ್ಟ ಮಾತನ್ನು ನಾನೇ ಮುರಿದು, ಅವರ ಸೇವೆ ಮಾಡಿದೆನೆಂದು ಓಣಿಗೆಲ್ಲ ಹೇಳುತ್ತಿದ್ದೆ. ಕಣ್ಣು ಹೋಗುವ ಭಯಕ್ಕಿಂತ ದೊಡ್ಡ ಭಯ ಅವರಿಗೆ ನಾನಾಗಿದ್ದೆ.

ಆಗ ನನಗೆ ಆ ಡೊಂಕು ಗೆರೆಗಳು ಅರ್ಥವಾದವು. ಅವು ತಪ್ಪಿದ ಗೆರೆಗಳಲ್ಲ, ಹಾದಿ. ಹಿಂದಿನ ಸುತ್ತಿನ ದಪ್ಪ ಟಾಕಿಯನ್ನು ಹೆಬ್ಬೆರಳಿನಿಂದ ಓದುತ್ತ, ಅದರ ಪಕ್ಕದಲ್ಲೇ ಒಂದು ಬೆರಳಿನ ಅಗಲಕ್ಕೆ ಮುಂದಿನ ಸುತ್ತು ಹಾಕುತ್ತ, ಆ ಹೊಸ ಸುತ್ತನ್ನು ಹಿಡಿದು ಅದರ ಮುಂದಿನದಕ್ಕೆ ಹೋಗುತ್ತ, ಏನೂ ಕಾಣದ ಹೆಂಗಸು ದಿನಕ್ಕೆ ಗೇಣು ಗೇಣು ನಡೆದು ಬಂದಿದ್ದರು. ಟಾಕಿ ದಪ್ಪವಾದದ್ದು ಕೈ ತಪ್ಪಿ ಅಲ್ಲ, ನಾಳೆ ತನಗೇ ಸಿಗಲಿ ಎಂದು. ಮೊಮ್ಮಗಳ ಕೂಸಿನವರೆಗೆ ಅವರಿಗಿದ್ದದ್ದು ಅದೊಂದೇ ಹಾದಿ. ನಾನು ಅದನ್ನೇ ಅಳಿಸಿ, ಯಾವ ಬೆರಳಿಗೂ ಹತ್ತದ ನುಣುಪು ಗೆರೆ ಎಳೆದಿದ್ದೆ.

ನಾನು ಮಾಡಿದ್ದನ್ನು ಹೇಳಿ ಅತ್ತುಬಿಟ್ಟೆ. ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೌದಿಯನ್ನು ಮಡಿಚಿ ಬದಿಗಿಟ್ಟು ಗೋಡೆಗೆ ಒರಗಿ ಕೂತರು. ಆ ಸಂಜೆ ಮಗಳು ಫೋನ್ ಮಾಡಿ ಎಷ್ಟು ಸುತ್ತು ಎಂದಾಗ, “ಇವತ್ತ ಸೂಟಿ,” ಅಂದರು. ಮರುದಿನವೂ ಸೂಟಿ. ನಾನು ಪೋಣಿಸಿದ ಸೂಜಿಗಳು ದಿಂಬಿನಲ್ಲಿ ಹಾಗೇ ನಿಂತಿದ್ದವು. ಕೌದಿ ಮುಗಿಯುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಮುಗಿಯದ ನಾಲ್ಕನೆಯ ಕೌದಿ, ಅದೂ ನನ್ನಿಂದಲೇ.

ಮೂರನೆಯ ದಿನ ಪೂಜೆ ಮುಗಿದ ಮೇಲೆ ಅತ್ತೆ ಕರೆದರು. “ಬಾ ಇಲ್ಲೆ. ನೀ ಹಾಕಿದ್ದನ್ನ ಬಿಚ್ಚು.”

ಬಿಚ್ಚಿದೆ.

“ಈಗ ಕಣ್ಣ ಮುಚ್ಚು.”

“ನಾನ್ರಿ?”

“ಅಳಸಿದಾಕಿ ನೀನ. ನೀನ ಹಾದಿ ಹಾಕಿ ಕೊಡು. ಕಣ್ಣ ತಗದಿ ಅಂದ್ರ ಮತ್ತ ನೆಟ್ಟಗ ಹೊಲಿತಿ, ನಂಗ ಸಿಗಂಗಿಲ್ಲ.”

ಕರಾರು ತಾವೇ ಮುರಿದು ಒಂದು ಮೊಳದ ಮಟ್ಟಿಗೆ ನನಗೆ ಸೂಜಿ ಕೊಟ್ಟರು. ನಾನು ಕಣ್ಣು ಮುಚ್ಚಿದೆ. ಅತ್ತೆ ನನ್ನ ಎಡಗೈಯ ಹೆಬ್ಬೆರಳನ್ನು ಹಿಡಿದು, ಉಳಿದಿದ್ದ ಹೊರ ಸುತ್ತಿನ ಮೇಲಿಟ್ಟರು. ಮೊದಲು ಏನೂ ತಿಳಿಯಲಿಲ್ಲ. ಬರೀ ಒರಟು ಬಟ್ಟೆ. “ಒತ್ತಬ್ಯಾಡ. ಕೂಸಿನ ಕೆನ್ನಿ ಮುಟ್ಟಿದಂಗ ಮುಟ್ಟು,” ಅಂದರು. ಸ್ವಲ್ಪ ಹೊತ್ತಿಗೆ ಒಂದು ಉಬ್ಬು ಸಿಕ್ಕಿತು, ಆಮೇಲೆ ಇನ್ನೊಂದು. ಆ ಎರಡು ಉಬ್ಬು ಸಿಕ್ಕಾಗ ಆದ ಸಂತೋಷ ನನಗೆ ಬಿ.ಎಡ್. ಪಾಸಾದಾಗಲೂ ಆಗಿರಲಿಲ್ಲ. ಸೂಜಿ ಇಳಿಸಿದೆ, ಬೆರಳಿಗೇ ಚುಚ್ಚಿತು. ಮತ್ತೆ ಇಳಿಸಿದೆ. ಒಂದು ಗೇಣು ಹೊಲಿಯಲು ಬೆಳಿಗ್ಗೆಯಿಂದ ಮಧ್ಯಾಹ್ನವಾಯಿತು. ಅತ್ತೆ ಹಿಂದೆಯೇ ಹೆಬ್ಬೆರಳು ಸರಿಸುತ್ತ ಪರೀಕ್ಷೆ ಮಾಡುತ್ತಿದ್ದರು. “ಇದು ನಪಾಸ. ಬಿಚ್ಚು,” ಅನ್ನುವರು. ಬಿಚ್ಚುತ್ತಿದ್ದೆ. ನಪಾಸು ಮಾಡುವುದರಲ್ಲಿ ಅವರಿಗೆ ಇಷ್ಟು ಆನಂದವಿದೆ ಎಂದು ನನಗೆ ಗೊತ್ತಿರಲಿಲ್ಲ.

ಹಾಗೆ ಕಣ್ಣು ಮುಚ್ಚಿ ಕೂತ ನಾಲ್ಕು ದಿನಗಳಲ್ಲಿ ಅತ್ತೆ ನನಗೆ ಕೌದಿಯನ್ನು ತೋರಿಸಿದರು. ತೋರಿಸಿದರು ಎಂದೇ ಬರೆಯುತ್ತೇನೆ, ಬೇರೆ ಮಾತಿಲ್ಲ. ಒಂದೊಂದು ತೇಪೆಯ ಮೇಲೂ ನನ್ನ ಬೆರಳಿಟ್ಟು ಹೆಸರು ಹೇಳಿದರು. “ಇದು ಇಳಕಲ್ಲ ಸೆರಗು, ನೋಡ, ರೇಶಿಮಿ ಎಳಿ ಒಂದ ಕಡೆ ಜಾರತೈತಿ. ಇದು ನಿಮ್ಮ ಮಾವನ ಅಂಗಿ, ಕಾಲರ್ ಕಡೆ ಬಟ್ಟಿ, ಬೆವರ ಕುಡದ ಬಿರಸ ಆಗೈತಿ. ಇದು ಹುಡಿಗಿ ಸಾಲಿ ಲಂಗ, ನಿರಿಗಿ ಗುರ್ತ ಇನ್ನೂ ಹೋಗಿಲ್ಲ.” ಒಂದು ತೇಪೆಯ ಮೇಲೆ ನನ್ನ ಬೆರಳು ನಿಲ್ಲಿಸಿ, “ಇದು ಯಾವುದು, ಹೇಳು,” ಅಂದರು. ನನಗೆ ತಿಳಿಯಲಿಲ್ಲ. “ನಿನ್ನ ಸಾಲಿ ಸೀರಿ. ಇಸ್ತ್ರಿ ಮಾಡಿ ಮಾಡಿ ಜೀವ ತಗದಿ ಅದರದು.” ನಾನು ಕದ್ದು ಕಣ್ಣು ತೆರೆದು ನೋಡಿದೆ. ನೀಲಿ ಅಂಚಿನ ಆ ಸೀರೆಯೇ. ವರ್ಷಗಟ್ಟಲೆ ಉಟ್ಟ ಸೀರೆ ನನ್ನ ಬೆರಳಿಗೆ ಗುರುತಿರಲಿಲ್ಲ, ಅವರ ಬೆರಳಿಗೆ ಗುರುತಿತ್ತು.

ಒಮ್ಮೆ ಕೇಳಿದೆ: “ಅತ್ತೀ, ಪೂಜಿ ಮುಂದ ಲಿಂಗ ನೋಡತೀರೆಲ್ಲ. ಈಗ ಹೆಂಗ್ರಿ?”

“ಅಂಗೈಗೆ ಭಾರ ಗೊತ್ತಾಗತೈತಲ್ಲ,” ಅಂದರು. “ಮದಲೂ ಅಷ್ಟ ಇತ್ತು. ನಾನ ಕಣ್ಣಿಲೆ ನೋಡಾಕತ್ತೇನಿ ಅಂದ್ಕೊಂಡಿದ್ದೆ.”

ನಾನು ಇನ್ನೊಂದು ಸೂಜಿಗೆ ದಾರ ಪೋಣಿಸಿದೆ.

ನಾನು ಹಾಕಿದ ಮೊಳದುದ್ದದ ಹಾದಿ ಕೊನೆಗೂ ಪಾಸಾಯಿತು. ಚೆನ್ನಾಗಿರಲಿಲ್ಲ. ಅತ್ತೆಯದು ತೆರೆ ತೆರೆಯಾಗಿ ಹೋದರೆ ನನ್ನದು ಕಲ್ಲು ಹಾದಿಯ ಎತ್ತಿನ ಗಾಡಿಯಂತೆ ಹೋಗಿತ್ತು. ಆದರೂ ಅತ್ತೆಯ ಹೆಬ್ಬೆರಳು ಅದರ ಮೇಲೆ ಹತ್ತಿ, ಅಲ್ಲಲ್ಲಿ ತಡೆದು, ಆಚೆ ದಾಟಿತು. ಆ ಸಂಜೆ ಮಗಳ ಫೋನಿಗೆ, “ಅರ್ಧ ಸುತ್ತ,” ಅಂದರು. ನಾನು ಒಳಗೆ ಹೋಗಿ ಸುಮ್ಮನೆ ಒಲೆಯ ಮುಂದೆ ನಿಂತುಕೊಂಡೆ.

ಏಳು ತಿಂಗಳ ಕುಬುಸ, ಅಂದರೆ ಸೀಮಂತ, ಮಾಡಿಸಿಕೊಂಡು ಮಗಳು ಹೆರಿಗೆಗೆ ನಮ್ಮ ಮನೆಗೆ ಬಂದಾಗ ಕೌದಿಯ ನಡುವೆ ಒಂದು ತೇಪೆಯಷ್ಟೇ ಜಾಗ ಉಳಿದಿತ್ತು. ಅವಳಿಗೆ ಅಜ್ಜಿಯ ಕಣ್ಣಿನ ವಿಷಯ ನಾನು ಬಾಗಿಲಲ್ಲೇ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಅತ್ತೆ ಅವಳನ್ನು ಹತ್ತಿರ ಕರೆದು ಎರಡೂ ಕೈಯಿಂದ ಅವಳ ಹೊಟ್ಟೆ ತಡವಿದರು, ಆಮೇಲೆ ಮುಖ. ಹುಡುಗಿಗೆ ತಿಳಿದುಹೋಯಿತು. ಅವಳು ಅಳಲು ಶುರು ಮಾಡುವ ಮೊದಲೇ ಅತ್ತೆ, “ಅಳೂದ ಆಮ್ಯಾಲ. ಕೌದಿ ಹಸದೈತಿ, ರೊಟ್ಟಿ ತಗೊಂಡ ಬಾ,” ಅಂದರು.

ತುಂಬಿದ ಹೊಟ್ಟೆಯ ಮಗಳು ಕಷ್ಟಪಟ್ಟು ನೆಲದ ಮೇಲೆ ಕೂತು ಕಟಕ ರೊಟ್ಟಿಯ ಚೂರು, ಬೆಲ್ಲದ ಚೂರು ಕೌದಿಯ ಹೊಟ್ಟೆಯೊಳಗಿಟ್ಟಳು. ಇರುವೆಯ ಮಾತು ನಾನು ಎತ್ತಲಿಲ್ಲ. ಅತ್ತೆ ಮೇಲಿನ ತೇಪೆ ಮುಚ್ಚಿ ಹೊಲಿದರು. ಕೊನೆಯ ಸುತ್ತು ಬಳೆಯಷ್ಟು ಚಿಕ್ಕದಾಯಿತು. ಗಂಟು ಹಾಕಿ, ಹಲ್ಲಿನಿಂದ ದಾರ ಕಡಿದು, ಸೂಜಿಯನ್ನು ನನ್ನ ಕೈಗೆ ಕೊಟ್ಟರು. “ಆತು. ಇನ್ನ ಕಸಗೊಂಡ್ರ ಕಸಗೋ.”

ನಾನು ಕಣ್ಣೊರೆಸಿಕೊಂಡು, ಶಾಲೆಯ ಬುದ್ಧಿ ಎಲ್ಲಿ ಹೋದೀತು, ಒಂದು ಸಲಹೆ ಕೊಟ್ಟೆ. “ಮೂಲ್ಯಾಗ ನಿಮ್ಮ ಹೆಸರ ಹೊಲಿಲೇನ್ರಿ ಅತ್ತಿ? ನಾಳಿ ಕೂಸ ದೊಡ್ಡದಾಗಿ ಓದಲಿ, ಯಾರ ಹೊಲದಿದ್ದು ಅಂತ.”

“ಬ್ಯಾಡ,” ಅಂದರು. “ನಾ ಹೆಬ್ಬೆಟ್ಟಿನಾಕಿ. ನಂಗ ಹೆಸರ ಯಾಕ?”

ಮರುದಿನ ಕೌದಿ ಒಗೆದು ಮಾಳಿಗೆಯ ಮೇಲೆ ಹಗ್ಗಕ್ಕೆ ಹಾಕಿದೆ. ಭಾರಕ್ಕೆ ಹಗ್ಗ ಜಗ್ಗಿತು. ನೀರು ಸೋರಿ ಮುಗಿಯಲೆಂದು ಹಿಂದೆ ಸರಿದು ಗೋಡೆಯ ಹತ್ತಿರ ನಿಂತೆ. ಇಷ್ಟು ದಿನ ಆ ಕೌದಿಯನ್ನು ತೊಡೆಯ ಮೇಲೆ ಮುದ್ದೆಯಾಗಿಯೇ ನೋಡಿದ್ದೆ, ಪೂರ್ತಿ ಬಿಚ್ಚಿ ದೂರದಿಂದ ನೋಡಿರಲಿಲ್ಲ. ಹಿಂದಿನಿಂದ ಬಿಸಿಲು ಬಂತು. ಬಣ್ಣಗಳು ಹಿಂದೆ ಸರಿದು ಬಿಳಿ ದಾರದ ಗೆರೆಗಳು ಮುಂದೆ ಬಂದವು. ಹೊರಗೆ ನೆಟ್ಟಗಿನ ಗೆರೆ, ಒಳಗೆ ಬಂದಂತೆ ಬಾಗುತ್ತ, ಒಂದರ ಪಕ್ಕ ಒಂದು ಸುತ್ತುತ್ತ, ಉಬ್ಬಿ ತಗ್ಗಿ, ನಡುವೆ ಬಳೆಯಷ್ಟರಲ್ಲಿ ಮುಗಿಯುವ ಗೆರೆ. ಹಗ್ಗದ ಮೇಲೆ ತೂಗುತ್ತಿದ್ದುದು ಒಂದು ಹೆಬ್ಬೆಟ್ಟು. ಆಳುದ್ದದ ಹೆಬ್ಬೆಟ್ಟು. ಯಂತ್ರಕ್ಕೆ ಸಿಗದೇ ಹೋದ ಗೆರೆಗಳೆಲ್ಲ ಅಲ್ಲಿದ್ದವು.

ಕೈ ಹಿಡಿದು ಮೆಟ್ಟಿಲು ಹತ್ತಿಸಿ ಅತ್ತೆಯನ್ನು ಮೇಲೆ ಕರೆತಂದೆ. ಕಂಡದ್ದನ್ನು ಹೇಳಿದೆ. ಅತ್ತೆ ಗೊಳ್ಳೆಂದು ನಕ್ಕರು.

“ಹಂಗಾದ್ರ ಬರೂ ತಿಂಗಳ ರೇಷನ್ ಅಂಗಡಿಗೆ ಇದನ್ನ ಒಯ್ಯೂಣು. ಆ ಮಶಿನ್ ಮ್ಯಾಲ ಹಾಸೂಣು, ಏನಂತೈತಿ ನೋಡೂಣು.”

ಆಮೇಲೆ ಒದ್ದೆ ಕೌದಿಯ ಮೇಲೆ ಹೆಬ್ಬೆರಳಿಟ್ಟು ಅಂಚಿನಿಂದ ಒಳಗೆ ಸರಿಸುತ್ತ ಹೋದರು. ಒಂದು ಕಡೆ ಬೆರಳು ತಡೆಯಿತು. ನಾನು ಹಾಕಿದ ಕಲ್ಲು ಹಾದಿ. ಅದರ ಮೇಲೆ ಒಮ್ಮೆ ಹೋಗಿ, ಒಮ್ಮೆ ಬಂದು, ನನ್ನ ಕೈ ಎಳೆದು ನನ್ನ ಹೆಬ್ಬೆರಳನ್ನೂ ಅಲ್ಲೇ ಇಟ್ಟರು.

“ನಿಂದೂ ಬಿದ್ದೈತಿ ನೋಡ,” ಅಂದರು.